ಐದು ತಿಂಗಳು ನಿಲ್ಲುವ ಕಾರಿಗೆ ಚಾರ್ಜರ್ ಸಿಕ್ಕಿಸಿ ಹೋಗಬಹುದಾ?

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಶಿಕ್ಷಕ. ಆರು ವರ್ಷದ ಸಣ್ಣ ಪೆಟ್ರೋಲ್ ಕಾರಿದೆ. ಬ್ಯಾಟರಿ 35 ಎ.ಎಚ್. (ಆಂಪಿಯರ್ ಅವರ್), ಹಾಕಿಸಿ ಎರಡು ವರ್ಷವಾಯಿತು. ನಾನೂ ಹೆಂಡತಿಯೂ ಪ್ರತಿ ವರ್ಷ ಮಗಳ ಮನೆಗೆ ಅಮೆರಿಕಕ್ಕೆ ಹೋಗಿ ಐದು ತಿಂಗಳು ಇದ್ದು ಬರುತ್ತೇವೆ. ಹೋದ ವರ್ಷ ವಾಪಸ್ ಬಂದಾಗ ಕಾರಿನ ರಿಮೋಟ್ ಕೂಡ ಕೆಲಸ ಮಾಡಲಿಲ್ಲ. ಆಯುಧಪೂಜೆಗೆ ತಳ್ಳಿಕೊಂಡೇ ಹೊರಗೆ ತಂದೆವು. ಈ ಸಲ ಮಗಳು ಬರುವಾಗ ಅಲ್ಲಿಂದಲೇ 1 ಆಂಪಿಯರಿನ ಬ್ಯಾಟರಿ ಮೇಂಟೇನರ್, ಅಂದರೆ ಬ್ಯಾಟರಿ ತುಂಬಿಯೇ ಇರುವಂತೆ ನೋಡಿಕೊಳ್ಳುವ ಚಾರ್ಜರ್, ತಂದುಕೊಟ್ಟಿದ್ದಾಳೆ. 'ಸಿಕ್ಕಿಸಿ ಬಿಟ್ಟು ಬನ್ನಿ, ತಿಂಗಳುಗಟ್ಟಲೆ ಇದ್ದರೂ ಏನೂ ಆಗಲ್ಲ' ಎನ್ನುತ್ತಾನೆ ಅಳಿಯ. ಮೆಕ್ಯಾನಿಕ್ 'ಅದೆಲ್ಲ ಬೇಡ, ಟರ್ಮಿನಲ್ ಬಿಚ್ಚಿ ಹೋಗಿ' ಎನ್ನುತ್ತಾರೆ. ಬಿಚ್ಚಿದರೆ ಕಾರಿನ ಕಂಪ್ಯೂಟರಿನ ನೆನಪು ಹೋಗುತ್ತದಂತೆ, ಇದೂ ಅಳಿಯನ ಮಾತೇ. ಪಕ್ಕದ ಮನೆಯವರು ಕೀ ಕೊಟ್ಟು ಹೋದರೆ ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿಡುತ್ತಾರಂತೆ. ಚಾರ್ಜರಿನ ಪುಸ್ತಕದಲ್ಲಿ ಕಪ್ಪು ಕ್ಲಿಪ್ಪನ್ನು ಕಾರಿನ ಬಾಡಿಗೆ ಹಾಕಿ ಎಂದಿದೆ, ವಿಡಿಯೋಗಳಲ್ಲಿ ಬ್ಯಾಟರಿಗೇ ಹಾಕುತ್ತಾರೆ. ಯಾವುದು ಸರಿ? ಬ್ಯಾಟರಿ ಸಿಡಿಯುವ ಭಯ ಇದೆಯಾ? ಫಾಸ್ಟ್ಯಾಗ್ ಕೂಡ ಕರೆಂಟ್ ಎಳೆಯುತ್ತದಾ?

ಉತ್ತರ: ಮೇಷ್ಟ್ರೇ, ನಿಮಗೆ ಸಲಹೆ ಕೊಟ್ಟ ಮೂವರೂ ಬೇರೆ ಬೇರೆ ಮನೆಯ ಕಾರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡಿದ್ದಾರೆ. ಜನ ಇರುವ ಮನೆಯ ಕಾರಿಗೆ ಅಳಿಯ ಹೇಳಿದ್ದು ಸರಿ. ಬೀಗ ಹಾಕಿದ ಮನೆಯ ಕಾರಿಗೆ ಮೆಕ್ಯಾನಿಕ್ ಹೇಳಿದ್ದು ಸರಿ. ಪಕ್ಕದ ಮನೆಯವರದು ಒಳ್ಳೆಯ ಮನಸ್ಸು, ಆದರೆ ಆ ಕೆಲಸದಿಂದ ಬ್ಯಾಟರಿಗೆ ಲಾಭವಿಲ್ಲ. ನಿಮ್ಮ ಮನೆಗೆ ಯಾವುದು ಅನ್ನುವುದನ್ನು ಕೊನೆಗೆ ಹೇಳುತ್ತೇನೆ. ಮೊದಲು ಹೋದ ವರ್ಷ ಏನಾಯಿತು ಅಂತ ನೋಡೋಣ.

ಕೀ ತೆಗೆದ ಕಾರು ಪೂರ್ತಿ ಮಲಗುವುದಿಲ್ಲ. ಗಡಿಯಾರ ಓಡುತ್ತಿರಬೇಕು. ರಿಮೋಟ್ ಒತ್ತಿದರೆ ಕೇಳಿಸಿಕೊಳ್ಳಲು ಒಂದು ಪುಟ್ಟ ರಿಸೀವರ್ ಎಚ್ಚರ ಇರಬೇಕು. ಅಲಾರಂ, ಸ್ಟೀರಿಯೋ, ಎಂಜಿನ್ ಕಂಪ್ಯೂಟರು ಒಂದೊಂದೂ ಚೂರುಚೂರು ಕುಡಿಯುತ್ತಿರುತ್ತವೆ. ಎಲ್ಲಾ ಸೇರಿ ಸಾಮಾನ್ಯವಾಗಿ 20ರಿಂದ 50 ಮಿಲಿಆಂಪಿಯರ್. 30 ಅಂತಲೇ ಇಟ್ಟುಕೊಳ್ಳಿ. ದಿನಕ್ಕೆ 24 ಗಂಟೆಯಾದರೆ 0.72 ಆಂಪಿಯರ್ ಅವರ್. ನಿಮ್ಮ ಬ್ಯಾಟರಿಯ ಕೊಡ 35ರದ್ದು. ಭಾಗಿಸಿ ನೋಡಿ, ಐವತ್ತು ದಿನದೊಳಗೆ ಕೊಡ ಖಾಲಿ. ಸೆಲ್ಫ್ ಹೊಡೆಯುವ ಶಕ್ತಿ ಅದಕ್ಕೂ ಎಷ್ಟೋ ಮುಂಚೆ ಹೋಗಿರುತ್ತದೆ. ನೀವು ಹೋಗಿದ್ದು 150 ದಿನ. ಕಾರಿನಲ್ಲಿ ಏನೂ ದೋಷವಿರಲಿಲ್ಲ, ಲೆಕ್ಕ ಅಷ್ಟೇ.

ಫಾಸ್ಟ್ಯಾಗ್ ಪಾಪ, ಅದರ ಪಾಲು ಇದರಲ್ಲಿ ಏನೂ ಇಲ್ಲ. ಅದು ಗಾಜಿಗೆ ಅಂಟಿಸಿದ ಸ್ಟಿಕ್ಕರು. ಕಾರಿನ ವೈರಿಗೂ ಅದಕ್ಕೂ ಸಂಬಂಧವಿಲ್ಲ. ಟೋಲಿನ ರೀಡರ್ ಕಳಿಸುವ ರೇಡಿಯೋ ಅಲೆಯಿಂದಲೇ ಅದಕ್ಕೆ ಬೇಕಾದ ಶಕ್ತಿ ಸಿಗುತ್ತದೆ. ಆದರೆ ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ದೊಡ್ಡ ಆಂಪ್ಲಿಫೈಯರ್ ಇದ್ದರೆ ಅವೇ ನಿಜವಾದ ಕಳ್ಳರು. 'ಬ್ಯಾಟರಿ ಪದೇ ಪದೇ ಡೌನ್' ಅಂತ ಬರುವ ಕಾರುಗಳಲ್ಲಿ ನಾನು ಮೊದಲು ಹುಡುಕುವುದು ಇವನ್ನೇ.

ಇನ್ನು, ಖಾಲಿಯಾದ ಬ್ಯಾಟರಿಗೆ ಮತ್ತೆ ಚಾರ್ಜ್ ಮಾಡಿದರೆ ಆಯಿತಲ್ಲ ಅಂತ ಅನ್ನಿಸಬಹುದು. ಒಂದು ದಿನ, ಎರಡು ದಿನ ಖಾಲಿ ಇದ್ದರೆ ಹೌದು. ಲೆಡ್-ಆಸಿಡ್ ಬ್ಯಾಟರಿ ಹಳೆಯ ಕಾಲದ ವಿದ್ಯೆ, 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಮಾಡಿದ್ದು. ಇವತ್ತಿಗೂ ಒಳಗೆ ಅದೇ ಸೀಸದ ಪ್ಲೇಟು, ಅದೇ ಸಲ್ಫ್ಯೂರಿಕ್ ಆಸಿಡ್. ಕರೆಂಟ್ ಹೊರಗೆ ಹೋದಷ್ಟೂ ಪ್ಲೇಟಿನ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಅದು ಕರಗಿ ಆಸಿಡ್ಡಿಗೆ ವಾಪಸ್ ಹೋಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿ ಪದರ ಕೂರುತ್ತದಲ್ಲ, ಸುಮಾರು ಹಾಗೇ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಆ ಜಾಗ ಕೆಲಸಕ್ಕೆ ಬರುವುದಿಲ್ಲ.

ಇಲ್ಲೇ ನೀವು ಕೇಳದ ಒಂದು ವಿಷಯ ಇದೆ. ಬ್ಯಾಟರಿಗೆ ಎರಡು ವರ್ಷ ಅಂದಿರಿ. ಅಂದರೆ ಹೋದ ವರ್ಷ ಮೂರು ತಿಂಗಳಿಗಿಂತ ಹೆಚ್ಚು ಖಾಲಿ ಕೂತಿದ್ದು ಇದೇ ಬ್ಯಾಟರಿ. ಚಾರ್ಜರ್ ಸಿಕ್ಕಿಸುವ ಮೊದಲು ಇದನ್ನು ಬ್ಯಾಟರಿ ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿ. ಮನೆಯಲ್ಲೇ ನೋಡಬೇಕೆಂದರೆ ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಪೂರ್ತಿ ಚಾರ್ಜ್ ಮಾಡಿ, ನಾಲ್ಕೈದು ಗಂಟೆ ಸುಮ್ನೆ ಬಿಟ್ಟು ಅಳೆಯಿರಿ. ಚಾರ್ಜರ್ ತೆಗೆದ ತಕ್ಷಣ ಅಳೆದರೆ ಮೇಲ್ಮೈ ಚಾರ್ಜಿನಿಂದ ಸುಳ್ಳು ಲೆಕ್ಕ ಬರುತ್ತದೆ. 12.6 ವೋಲ್ಟ್ ಅಥವಾ ಮೇಲೆ ಇದ್ದರೆ ತುಂಬಿದೆ. 12.4 ಮುಕ್ಕಾಲು, 12.2 ಅರ್ಧ, 12 ಅಂದರೆ ಕಾಲು ಭಾಗ. 12 ವೋಲ್ಟ್ ಬ್ಯಾಟರಿಯಲ್ಲಿ 12 ಇದೆಯಲ್ಲ ಅಂತ ಸಮಾಧಾನ ಪಡುವವರು ಬಹಳ ಜನ. ಆಮೇಲೆ ಯಾರಾದರೂ ಸೆಲ್ಫ್ ಹೊಡೆಯಲಿ, ನೀವು ಮೀಟರ್ ನೋಡುತ್ತಿರಿ. ಆ ಎರಡು ಕ್ಷಣದಲ್ಲಿ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಹೊಟ್ಟೆ ಕೆಟ್ಟಿದೆ. ಅದಕ್ಕೆ ಎಂಥ ಒಳ್ಳೆಯ ಚಾರ್ಜರ್ ಹಾಕಿದರೂ ಪ್ರಯೋಜನವಿಲ್ಲ.

ಈಗ ನಿಮ್ಮ ಚಾರ್ಜರಿನ ವಿಷಯ. ಬ್ಯಾಟರಿ ಅಂಗಡಿಯಲ್ಲಿ ಗುಂಯ್ ಎನ್ನುತ್ತಿರುವ ಕಬ್ಬಿಣದ ಡಬ್ಬಿ ನೋಡಿರುತ್ತೀರಿ. ಅದು ದಡ್ಡ ಚಾರ್ಜರ್. ಬ್ಯಾಟರಿ ತುಂಬಿದ್ದು ಅದಕ್ಕೆ ಗೊತ್ತಾಗುವುದಿಲ್ಲ, ಯಾರಾದರೂ ಆಫ್ ಮಾಡಬೇಕು. ಕೆಲಸ ಕಲಿಯುವಾಗ ನಾನೇ ಒಂದು ರಾತ್ರಿ ಆಫ್ ಮಾಡದೆ ಮನೆಗೆ ಹೋಗಿದ್ದೆ. ಬೆಳಿಗ್ಗೆ ಅಂಗಡಿ ತುಂಬಾ ಕೊಳೆತ ಮೊಟ್ಟೆಯ ವಾಸನೆ, ಬ್ಯಾಟರಿ ಕೈಯಿಟ್ಟರೆ ಸುಡುತ್ತಿತ್ತು, ನೀರೆಲ್ಲ ಆರಿತ್ತು. ಗಿರಾಕಿಗೆ ಹೊಸ ಬ್ಯಾಟರಿ ಕೊಟ್ಟಿದ್ದು ನನ್ನ ಯಜಮಾನರು, ಕಟ್ ಆಗಿದ್ದು ನನ್ನ ಸಂಬಳ.

ಮೇಂಟೇನರ್ ಹಾಗಲ್ಲ. 14.4 ವೋಲ್ಟಿನ ಆಸುಪಾಸಿನವರೆಗೆ ತುಂಬಿಸುತ್ತದೆ. ತುಂಬಿದ ಮೇಲೆ 13.5ರ ಹತ್ತಿರಕ್ಕೆ ಇಳಿದು, ಬ್ಯಾಟರಿ ಕಳೆದುಕೊಂಡಷ್ಟನ್ನು ಮಾತ್ರ ಕೊಡುತ್ತಿರುತ್ತದೆ. ಕೆಲವು ಪೂರ್ತಿ ನಿಂತು, ವೋಲ್ಟೇಜ್ ಇಳಿದಾಗ ಮಾತ್ರ ಮತ್ತೆ ಶುರುವಾಗುತ್ತವೆ. ಹಾಗಾಗಿ ವಾರಗಟ್ಟಲೆ ಇಟ್ಟರೂ ಬ್ಯಾಟರಿ ಕುದಿಯುವುದಿಲ್ಲ. ಇದು ಅಳಿಯ ಹೇಳಿದ್ದರಲ್ಲಿರುವ ಸತ್ಯ. ಕರೆಂಟ್ ಬಿಲ್ಲಿನ ಚಿಂತೆ ಬೇಡ, 5 ವ್ಯಾಟ್ ಎಳೆದರೂ ತಿಂಗಳಿಗೆ ನಾಲ್ಕು ಯೂನಿಟ್ ಆಗುವುದಿಲ್ಲ. 1 ಆಂಪಿಯರ್ ನಿಮ್ಮ ಬ್ಯಾಟರಿಯನ್ನು ಕಾಪಾಡಲು ಸಾಕು. ಆದರೆ ಸತ್ತ ಬ್ಯಾಟರಿಯನ್ನು ಎಬ್ಬಿಸಲು ಇದು ತುಂಬಾ ನಿಧಾನ, ಎರಡು ದಿನವಾದರೂ ಬೇಕು. ತೀರಾ ಕೆಳಗೆ ಹೋದ ಬ್ಯಾಟರಿಯನ್ನು ಇಂಥ ಚಾರ್ಜರ್ ಎಷ್ಟೋ ಸಲ ಗುರುತೇ ಹಿಡಿಯುವುದಿಲ್ಲ, ಕೆಂಪು ದೀಪ ತೋರಿಸಿ ಕೂರುತ್ತದೆ. ಚಾರ್ಜರ್ ಕೆಟ್ಟಿದೆ ಅಂದುಕೊಳ್ಳಬೇಡಿ.

ಆದರೆ ತಡೆಯಿರಿ. ಅಮೆರಿಕದಿಂದ ತಂದಿದ್ದು ಅಂದಿರಲ್ಲ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇನ್‌ಪುಟ್ ಎಷ್ಟು ಅಂತ ಬರೆದಿರುತ್ತದೆ, ಓದಿ. 100–240 ವೋಲ್ಟ್, 50/60 ಹರ್ಟ್ಸ್ ಅಂತ ಇದ್ದರೆ ನಮ್ಮ 230 ವೋಲ್ಟಿಗೆ ಸರಿ. ಬರೀ 110 ಅಥವಾ 120 ಅಂತ ಇದ್ದರೆ ಪ್ಲಗ್ ಅಡಾಪ್ಟರ್ ಹಾಕಿ ಸಿಕ್ಕಿಸಲೇಬೇಡಿ. ಅಡಾಪ್ಟರ್ ಪಿನ್ನಿನ ಆಕಾರ ಬದಲಾಯಿಸುತ್ತದೆ, ವೋಲ್ಟೇಜ್ ಬದಲಾಯಿಸುವುದಿಲ್ಲ. ಸ್ವಿಚ್ ಹಾಕಿದ ಕ್ಷಣದಲ್ಲೇ ಚಾರ್ಜರ್ ಢಮಾರ್. ವೋಲ್ಟೇಜ್ ಸರಿಯಿದ್ದರೂ ಸಡಿಲ ಅಡಾಪ್ಟರ್ ಬಿಸಿಯಾಗುತ್ತದೆ. ಎಲೆಕ್ಟ್ರಿಷಿಯನ್ ಹತ್ತಿರ ನಮ್ಮ ಪಿನ್ನನ್ನೇ ಹಾಕಿಸಿಕೊಳ್ಳಿ.

ಕ್ಲಿಪ್ ಎಲ್ಲಿಗೆ ಹಾಕಬೇಕು? ಪುಸ್ತಕ ಹೇಳಿದ್ದೇ ಸರಿ. ಕೀ ತೆಗೆದು, ಗೋಡೆಯ ಸ್ವಿಚ್ ಆಫ್ ಇರುವಾಗ, ಮೊದಲು ಕೆಂಪು ಕ್ಲಿಪ್ ಬ್ಯಾಟರಿಯ ಪ್ಲಸ್ಸಿಗೆ. ಆಮೇಲೆ ಕಪ್ಪು ಕ್ಲಿಪ್ ಎಂಜಿನ್ನಿನ ಅಥವಾ ಬಾಡಿಯ ಬಣ್ಣವಿಲ್ಲದ ಗಟ್ಟಿ ಬೋಲ್ಟಿಗೆ. ಅದು ಬ್ಯಾಟರಿಯಿಂದಲೂ ಪೆಟ್ರೋಲ್ ಪೈಪಿನಿಂದಲೂ ದೂರ ಇರಬೇಕು. ಕೊನೆಗೆ ಗೋಡೆಯ ಸ್ವಿಚ್. ತೆಗೆಯುವಾಗ ಉಲ್ಟಾ: ಸ್ವಿಚ್ ಆಫ್, ಕಪ್ಪು, ಕೆಂಪು.

ಯಾಕೆ ಇಷ್ಟು ಮಡಿ ಅಂದರೆ, ಚಾರ್ಜ್ ಆಗುವ ಬ್ಯಾಟರಿಯಿಂದ ಒಂದಿಷ್ಟು ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ಅದು 4 ಪರ್ಸೆಂಟ್ ಸೇರಿದರೂ ಕಿಡಿ ಸಾಕು, ಹೊತ್ತಿಕೊಳ್ಳುತ್ತದೆ. ಕಿಡಿ ಹಾರುವುದು ಸರ್ಕ್ಯೂಟ್ ಪೂರ್ತಿಯಾಗುವ ಅಥವಾ ಕಡಿಯುವ ಜಾಗದಲ್ಲಿ. ಅದು ಗೋಡೆಯ ಸ್ವಿಚ್ಚಿನಲ್ಲಿ ಹಾರಲಿ, ಬ್ಯಾಟರಿಯ ತಲೆ ಮೇಲೆ ಬೇಡ. ಸಿಡಿಯುವ ಭಯ ಇದೆಯಾ ಅಂತ ಕೇಳಿದಿರಿ. ಮೇಂಟೇನರಿನ 13.5 ವೋಲ್ಟಿನಲ್ಲಿ ಗ್ಯಾಸ್ ಬಹಳ ಕಮ್ಮಿ, ಅಂಗಡಿಯ ದೊಡ್ಡ ಚಾರ್ಜರಿನಲ್ಲಿ ಜಾಸ್ತಿ. ಗಾಳಿಯಾಡುವ ಶೆಡ್ಡಿನಲ್ಲಿ, ಈ ಕ್ರಮದಲ್ಲಿ ಹಾಕಿದರೆ ಹೆದರಬೇಕಿಲ್ಲ. ಬ್ಯಾಟರಿ ಉಬ್ಬಿದ್ದರೆ, ಸೀಳಿದ್ದರೆ ಮಾತ್ರ ಯಾವ ಚಾರ್ಜರೂ ಬೇಡ.

ಹಾಗಾದರೆ ವಿಡಿಯೋದಲ್ಲಿ ಮೈನಸ್ಸಿಗೇ ಹಾಕುತ್ತಾರಲ್ಲ? ನಿಮ್ಮಂಥ ಸಾದಾ ಕಾರಿನಲ್ಲಿ ಅಲ್ಲಿಗೆ ಹಾಕಿದರೂ ಚಾರ್ಜ್ ಆಗುತ್ತದೆ, ಕಿಡಿಯ ವಿಷಯ ಬಿಟ್ಟರೆ ತೊಂದರೆಯಿಲ್ಲ. ಆದರೆ ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗುವ ಸ್ಟಾರ್ಟ್-ಸ್ಟಾಪ್ ಕಾರುಗಳಲ್ಲಿ ಮೈನಸ್ ಟರ್ಮಿನಲ್ಲಿನ ಮೇಲೆ ಪುಟ್ಟದೊಂದು ಕಪ್ಪು ಸೆನ್ಸರ್ ಕೂತಿರುವುದು ಸಾಮಾನ್ಯ. ಬ್ಯಾಟರಿಗೆ ಎಷ್ಟು ಬಂತು, ಎಷ್ಟು ಹೋಯಿತು ಅಂತ ಲೆಕ್ಕ ಬರೆಯುವ ಗುಮಾಸ್ತ ಅದು. ನೇರ ಮೈನಸ್ ಪೋಸ್ಟಿಗೇ ಕ್ಲಿಪ್ ಹಾಕಿದರೆ ಕರೆಂಟು ಅದರ ಕಣ್ಣು ತಪ್ಪಿಸಿ ಒಳಗೆ ಹೋಗುತ್ತದೆ. ಬಾಡಿಗೆ ಹಾಕಿದರೆ ಲೆಕ್ಕ ಸರಿಯಾಗಿರುತ್ತದೆ.

ಕ್ಲಿಪ್ ಹಾಕುವ ಮುಂಚೆ ಉಂಗುರ, ವಾಚು, ಕಡಗ ತೆಗೆದಿಡಿ. ನನ್ನ ಎಡಗೈ ಬೆರಳಿನಲ್ಲಿ ಈಗಲೂ ಒಂದು ಸುತ್ತು ಕಲೆಯಿದೆ, ಸ್ಪ್ಯಾನರಿಗೂ ಬಾಡಿಗೂ ನಡುವೆ ಉಂಗುರ ಸಿಕ್ಕಿಕೊಂಡ ನೆನಪು ಅದು. ಚಾರ್ಜರಿನಲ್ಲಿ 6, 12, 24 ವೋಲ್ಟ್ ಆಯ್ಕೆ ಇದ್ದರೆ 12ರಲ್ಲೇ ಇದೆಯಾ ನೋಡಿ. 'ರಿಪೇರ್' ಎಂಬ ಬಟನ್ ಇದ್ದರೆ ಬ್ಯಾಟರಿ ಕಾರಿಗೆ ಸೇರಿಕೊಂಡಿರುವಾಗ ಒತ್ತಬೇಡಿ. ಕೆಲವು ಚಾರ್ಜರಿನಲ್ಲಿ ಅದು 15.5–16 ವೋಲ್ಟ್ ಕೊಡುತ್ತದೆ, ಕಾರಿನ ಎಲೆಕ್ಟ್ರಾನಿಕ್ಸಿಗೆ ಅದು ಒಳ್ಳೆಯದಲ್ಲ. ಹಾಗೇ ಮನೆಯ ಇನ್ವರ್ಟರಿಗೆ ಕಾರಿನ ಬ್ಯಾಟರಿ ತಗುಲಿಸಿ ಚಾರ್ಜ್ ಮಾಡಬಹುದಲ್ಲ ಅಂತ ವಾರಕ್ಕೊಬ್ಬರು ಕೇಳುತ್ತಾರೆ. ಅದು 150 ಎ.ಎಚ್. ಬ್ಯಾಟರಿಗಾಗಿ ಮಾಡಿದ್ದು, 10 ಆಂಪಿಯರಿಗಿಂತ ಹೆಚ್ಚು ನುಗ್ಗಿಸುತ್ತದೆ. 35ರದ್ದಕ್ಕೆ ಮೂರೂವರೆ ಆಂಪಿಯರ್ ಸುತ್ತಮುತ್ತ ಇದ್ದರೆ ಚೆಂದ.

ದಿನಾ ಐದು ನಿಮಿಷ ಸ್ಟಾರ್ಟ್ ಮಾಡುವ ವಿಷಯಕ್ಕೆ ಬರೋಣ. ನಮ್ಮ ಊರುಗಳಲ್ಲಿ ಇದು ಅರ್ಧ ಶಾಸ್ತ್ರವೇ ಆಗಿಹೋಗಿದೆ. ಸ್ಟಾರ್ಟ್ ಮಾಡಿದ್ದಕ್ಕೆ ಖರ್ಚಾದ ಚಾರ್ಜನ್ನು, ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಕೆಲವೇ ನಿಮಿಷದಲ್ಲಿ ವಾಪಸ್ ಕೊಡುತ್ತದೆ, ನಿಜ. ಆದರೆ ಅರ್ಧ ಖಾಲಿಯಾದ ಬ್ಯಾಟರಿ ತುಂಬಲು ಗಂಟೆಗಟ್ಟಲೆ ಬೇಕು. ಐಡಲ್ಲಿನಲ್ಲಿ ಆಲ್ಟರ್ನೇಟರ್ ನಿಧಾನ ತಿರುಗುತ್ತದೆ, ಜೊತೆಗೆ ಎ.ಸಿ. ಹಾಕಿಕೊಂಡು ಕೂತರಂತೂ ಏನೂ ಉಳಿಯುವುದಿಲ್ಲ. ಬ್ಯಾಟರಿಗಿಂತ ಎಂಜಿನ್ನಿಗೆ ಇದರಿಂದ ಜಾಸ್ತಿ ನಷ್ಟ. ಐದು ನಿಮಿಷದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಸೈಲೆನ್ಸರಿನಲ್ಲಿ ನೀರು ನಿಲ್ಲುತ್ತದೆ, ಪೆಟ್ರೋಲ್ ಆಯಿಲ್ಲಿಗೆ ಸೇರುತ್ತದೆ. ಪಕ್ಕದ ಮನೆಯವರಿಗೆ ಓಡಿಸಲು ಬರುತ್ತದೆ, ನಿಮಗೂ ನಂಬಿಕೆ ಇದೆ ಅಂದರೆ ಹತ್ತು ದಿನಕ್ಕೊಮ್ಮೆ ರಿಂಗ್ ರೋಡಿನಲ್ಲಿ ಅರ್ಧ-ಮುಕ್ಕಾಲು ಗಂಟೆ ಓಡಿಸಲಿ. ಅದು ಬ್ಯಾಟರಿಗೂ ಟೈರಿಗೂ ಬ್ರೇಕಿಗೂ ಒಳ್ಳೆಯದು. ಇನ್ಶೂರೆನ್ಸ್ ಚಾಲ್ತಿಯಲ್ಲಿರಲಿ. ಗುದ್ದಿಸಿದರೆ ಸ್ನೇಹ ಏನಾಗುತ್ತದೆ ಅನ್ನುವುದು ನಿಮಗೆ ಬಿಟ್ಟಿದ್ದು.

ಈಗ ನಿಮ್ಮ ಮನೆಗೆ ನಾನು ಹೇಳುವುದು. ಐದು ತಿಂಗಳು ಯಾರೂ ಇಲ್ಲದ ಮನೆಯಲ್ಲಿ ಚಾರ್ಜರ್ ಸಿಕ್ಕಿಸಿ ಹೋಗಬೇಡಿ. ಚಾರ್ಜರ್ ಕೆಟ್ಟದ್ದು ಅಂತ ಅಲ್ಲ, ನೋಡುವವರು ಇಲ್ಲ ಅಂತ. ಬೀಗ ಹಾಕಿ ಹೋಗುವಾಗ ನಾವು ಮೇನ್ ಸ್ವಿಚ್ ಆಫ್ ಮಾಡುವವರು. ಚಾರ್ಜರಿಗೋಸ್ಕರ ಅದನ್ನು ಆನ್ ಇಟ್ಟು ಹೋಗಬೇಕಾಗುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗು-ಸಿಡಿಲು ನಿಮಗೆ ಗೊತ್ತೇ ಇದೆ. ಕರೆಂಟ್ ಹೋಗಿ ಬಂದರೆ ಕೆಲವು ಚಾರ್ಜರ್ ತಾನೇ ಮತ್ತೆ ಶುರುವಾಗುತ್ತದೆ, ಕೆಲವು ಯಾರಾದರೂ ಬಟನ್ ಒತ್ತಲಿ ಅಂತ ಕಾಯುತ್ತದೆ. ಎರಡನೆಯ ಥರದ್ದಾದರೆ ನೀವು ವಿಮಾನ ಹತ್ತಿದ ದಿನವೇ ಅದು ನಿಂತಿರಬಹುದು, ನಿಮಗೆ ಗೊತ್ತಾಗುವುದು ಐದು ತಿಂಗಳಾದ ಮೇಲೆ. ಇಲಿಯ ಕಾಟ ಬೇರೆ. ವೈರ್ ಹೊರಗೆ ಬರಲಿ ಅಂತ ಬಾನೆಟ್ ಅರ್ಧ ತೆರೆದಿಟ್ಟರೆ ಇಲಿಗೆ ಬಾಡಿಗೆಯಿಲ್ಲದ ಮನೆ. ಬ್ಯಾಟರಿಗಿಂತ ವೈರಿಂಗ್ ಖರ್ಚು ದೊಡ್ಡದಾಗುತ್ತದೆ.

ಬದಲಿಗೆ ಹೀಗೆ ಮಾಡಿ. ಹೊರಡುವ ಎರಡು ದಿನ ಮುಂಚೆ ಚಾರ್ಜರ್ ಹಾಕಿ, ಹಸಿರು ದೀಪ ಬರುವವರೆಗೆ ಬಿಡಿ. ಹೊರಡುವ ದಿನ ಅದನ್ನು ತೆಗೆದು ಒಳಗಿಡಿ. ಗಾಜು ಏರಿಸಿ, ಕೀ ತೆಗೆದು, ಹತ್ತು ನಿಮಿಷ ಕಾಯಿರಿ, ಕಾರಿನ ಕಂಪ್ಯೂಟರುಗಳು ಮಲಗಲಿ. ಆಮೇಲೆ ಹತ್ತರ ಸ್ಪ್ಯಾನರಿನಲ್ಲಿ ಮೈನಸ್ ಟರ್ಮಿನಲ್ ಮಾತ್ರ ಬಿಚ್ಚಿ, ಬಟ್ಟೆ ಸುತ್ತಿ ಪಕ್ಕಕ್ಕೆ ಸರಿಸಿ. ಪ್ಲಸ್ ಮುಟ್ಟಬೇಡಿ. ಮೈನಸ್ ಸೇರಿಕೊಂಡಿರುವಾಗ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ವೆಲ್ಡಿಂಗ್ ಅಂಗಡಿಯ ಬೆಳಕು ಬರುತ್ತದೆ.

ಈಗ ಕಾರು ಕುಡಿಯುವ 30 ಮಿಲಿಆಂಪಿಯರ್ ನಿಂತಿತು. ಉಳಿದಿದ್ದು ಬ್ಯಾಟರಿ ತನ್ನಷ್ಟಕ್ಕೆ ತಾನೇ ಕಳೆದುಕೊಳ್ಳುವುದು. ಆರೋಗ್ಯವಾಗಿರುವ ಬ್ಯಾಟರಿಗೆ ನಮ್ಮ ಹವೆಯಲ್ಲಿ ಅದು ತಿಂಗಳಿಗೆ ಸುಮಾರು 5 ಪರ್ಸೆಂಟ್ ಅಂತ ಹಿಡಿಯಿರಿ. ಐದು ತಿಂಗಳಿಗೆ 25. ಬಂದಾಗ ಮುಕ್ಕಾಲು ಭಾಗ ಇರುತ್ತದೆ, ಸೆಲ್ಫ್ ಒಂದೇ ಏಟಿಗೆ ಎತ್ತುತ್ತದೆ. ಬಿಸಿಲು ಬೀಳುವ ಶೆಡ್ಡಾದರೆ ಇನ್ನೂ ಸ್ವಲ್ಪ ಕಮ್ಮಿ ಇರಬಹುದು.

ನೆನಪು ಹೋಗುತ್ತದೆ ಎಂಬ ಮಾತು ಅರ್ಧ ನಿಜ. ಗಡಿಯಾರದ ಟೈಮ್, ರೇಡಿಯೋ ಸ್ಟೇಷನ್ನು, ಟ್ರಿಪ್ ಮೀಟರ್ ಹೋಗುತ್ತದೆ. ಮೊದಲ ಹತ್ತು ನಿಮಿಷ ಐಡಲ್ ಏರಿಳಿತ ಆಗಬಹುದು, ಎಂಜಿನ್ ಕಂಪ್ಯೂಟರ್ ಮತ್ತೆ ಕಲಿತುಕೊಳ್ಳುತ್ತದೆ. ಕೆಲವು ಕಾರಿನ ಸ್ಟೀರಿಯೋ ಕೋಡ್ ಕೇಳುತ್ತದೆ, ಕಾರಿನ ಪುಸ್ತಕದ ಜೊತೆ ಬಂದ ಕಾರ್ಡು ಹುಡುಕಿಡಿ. ಓಡಿದ ಕಿಲೋಮೀಟರ್ ಹೋಗುವುದಿಲ್ಲ, ಕೀಯ ಗುರುತೂ ಅಳಿಸುವುದಿಲ್ಲ. ನಿಜವಾದ ಅನನುಕೂಲ ಬೇರೆ: ಬ್ಯಾಟರಿ ಬಿಚ್ಚಿದ ಮೇಲೆ ರಿಮೋಟ್ ಕೆಲಸ ಮಾಡದು, ಅಲಾರಂ ಕೂಡ ಇರದು. ಡ್ರೈವರ್ ಬಾಗಿಲಿಗೆ ಕೀ ತೂರಿಸಿ ಬೀಗ ಹಾಕಬೇಕು. ವರ್ಷಗಟ್ಟಲೆ ಬಳಸದ ಆ ತೂತಿನಲ್ಲಿ ಕೀ ತಿರುಗುತ್ತದಾ ಅಂತ ಈಗಲೇ ನೋಡಿ. ಬ್ಯಾಟರಿ ಡಿಕ್ಕಿಯಲ್ಲಿರುವ ದೊಡ್ಡ ಕಾರುಗಳಿಗೆ ಮಾತ್ರ ಈ ಉಪಾಯ ಹೇಳುವುದಿಲ್ಲ. ಡಿಕ್ಕಿ ಕರೆಂಟಿನಿಂದಲೇ ತೆರೆಯುವಂಥದ್ದಾದರೆ ಆಮೇಲೆ ಬ್ಯಾಟರಿ ಒಳಗೆ, ನೀವು ಹೊರಗೆ.

ಹ್ಯಾಂಡ್‌ಬ್ರೇಕ್ ಎಳೆದಿಟ್ಟು ಹೋಗಬೇಡಿ, ಹಿಡಿದುಕೊಂಡು ಬಿಡುತ್ತದೆ. ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ.

ಚಾರ್ಜರ್ ದಂಡವಾಯಿತು ಅಂತ ಮಗಳು ಬೇಜಾರು ಮಾಡಿಕೊಳ್ಳಬಾರದು. ಊರಿನಲ್ಲಿರುವ ಏಳು ತಿಂಗಳಲ್ಲೂ ನೀವು ಓಡಿಸುವುದು ಮಾರ್ಕೆಟ್ಟಿಗೆ, ದೇವಸ್ಥಾನಕ್ಕೆ ಅಂತ ಎರಡು-ಮೂರು ಕಿಲೋಮೀಟರ್ ಇರಬೇಕು. ಅಷ್ಟರಲ್ಲಿ ಯಾವ ಬ್ಯಾಟರಿಯೂ ತುಂಬುವುದಿಲ್ಲ. ಹದಿನೈದು ದಿನಕ್ಕೊಂದು ರಾತ್ರಿ, ಮನೆಯಲ್ಲಿ ನೀವಿರುವಾಗ, ಸಿಕ್ಕಿಸಿ. ಪೆಟ್ಟಿಗೆಯಲ್ಲಿ ಫ್ಯೂಸ್ ಇರುವ, ಉಂಗುರದ ತುದಿಯ ವೈರ್ ಕೊಟ್ಟಿದ್ದರೆ ಅದನ್ನು ಮೆಕ್ಯಾನಿಕ್ ಕೈಲಿ ಖಾಯಂ ಹಾಕಿಸಿಕೊಳ್ಳಿ. ಆಗ ಕ್ಲಿಪ್ಪಿನ ರಗಳೆಯೇ ಇಲ್ಲ, ಮೊಬೈಲ್ ಚಾರ್ಜರ್ ಥರ ಸಿಕ್ಕಿಸಿದರಾಯಿತು, ಬಾನೆಟ್ಟೂ ಬೇಗ ಮುಚ್ಚುತ್ತದೆ.

ಈ ಸಲ ದಸರಾ ಹೊತ್ತಿಗೆ ವಾಪಸ್ ಬಂದರೆ, ಬಂದ ದಿನವೇ ಮೈನಸ್ ಬಿಗಿ ಮಾಡಿ, ರಾತ್ರಿ ಚಾರ್ಜರ್ ಹಾಕಿ. ಪೂಜೆಯ ಬೆಳಿಗ್ಗೆ ನಿಂಬೆಹಣ್ಣು ಚಕ್ರದ ಕೆಳಗೆ ಇಡುವ ಮೊದಲು ಚಾರ್ಜರಿನ ವೈರ್ ತೆಗೆದಿದ್ದೀರಾ ನೋಡಿ. ಗೋಡೆಯ ಪ್ಲಗ್ಗನ್ನು ಬೋರ್ಡ್ ಸಮೇತ ಎಳೆದುಕೊಂಡು ಗೇಟಿನ ತನಕ ಹೋದ ಕಾರು ನನ್ನ ಅಂಗಡಿಗೆ ಇದುವರೆಗೆ ಮೂರು ಬಂದಿವೆ.